ಹಲ್ಲಿನ ಚಿಕಿತ್ಸೆಗೆ ಮಂಪರಿನ ಇಂಜೆಕ್ಷನ್ ಕೊಟ್ಟರೆ ಎಚ್ಚರ ಇರುತ್ತದಾ?

ಪ್ರಶ್ನೆ: ನನಗೆ 41 ವರ್ಷ. ಕೆಳಗಿನ ಎರಡೂ ಬುದ್ಧಿ ಹಲ್ಲುಗಳು ಅಡ್ಡಡ್ಡ ಬೆಳೆದು ವಸಡಿನೊಳಗೇ ಸಿಕ್ಕಿಕೊಂಡಿವೆ. ಒಂದು ರೂಟ್ ಕೆನಾಲ್ ಕೂಡ ಬಾಕಿ ಇದೆ. ಚಿಕ್ಕವಳಿದ್ದಾಗ ಸರಿಯಾಗಿ ಮರಗಟ್ಟುವ ಮೊದಲೇ ಒಂದು ಹಲ್ಲು ಕಿತ್ತಿದ್ದರು. ಅಂದಿನಿಂದ ಡ್ರಿಲ್ ಸದ್ದು ಕೇಳಿದರೆ ಸಾಕು, ಕೈಕಾಲು ತಣ್ಣಗಾಗುತ್ತದೆ. ನನ್ನ ದಂತವೈದ್ಯರು ಕೈಗೆ ಸೂಜಿ ಹಾಕಿ 'ಕಾನ್ಷಿಯಸ್ ಸೆಡೇಶನ್' ಮಾಡೋಣ ಎನ್ನುತ್ತಿದ್ದಾರೆ. ಎಚ್ಚರ ಇರುತ್ತದೆ ಅಂತಲೂ ಹೇಳುತ್ತಾರೆ, ಏನೂ ನೆನಪಿರುವುದಿಲ್ಲ ಅಂತಲೂ ಹೇಳುತ್ತಾರೆ. ಎರಡೂ ಒಟ್ಟಿಗೆ ಹೇಗೆ? ನಾನು ಬಿಪಿ ಮಾತ್ರೆ ತೆಗೆದುಕೊಳ್ಳುತ್ತೇನೆ. ಗೊರಕೆ ಜೋರು ಎಂದು ಮನೆಯವರ ದೂರು. ಎಚ್ಚರವೇ ಆಗದಿದ್ದರೆ ಎನ್ನುವ ಭಯ ಒಂದು ಕಡೆ. ಮಂಪರಿನಲ್ಲಿ ಏನೇನೋ ಬಾಯಿಬಿಟ್ಟರೆ ಎನ್ನುವ ಮುಜುಗರ ಇನ್ನೊಂದು ಕಡೆ. ಮಾಡಿಸುವುದಾದರೆ ಎಲ್ಲವನ್ನೂ ಒಂದೇ ಸಲಕ್ಕೆ ಮುಗಿಸಬಹುದಾ?

ಉತ್ತರ: ನಾನು ಅರಿವಳಿಕೆ ತಜ್ಞ. ನಿಮ್ಮ ಮೊದಲ ಪ್ರಶ್ನೆಯಿಂದಲೇ ಶುರುಮಾಡುತ್ತೇನೆ. ಎಚ್ಚರ ಇರುತ್ತದೆ, ನೆನಪಿರುವುದಿಲ್ಲ. ಎರಡೂ ನಿಜ. ಬಾಯಿ ತೆರೆಯಿರಿ ಎಂದರೆ ತೆರೆಯುತ್ತೀರಿ. ಸ್ವಲ್ಪ ಎಡಕ್ಕೆ ತಿರುಗಿ ಎಂದರೆ ತಿರುಗುತ್ತೀರಿ. ನೋವಾಗ್ತಿದೆಯಾ ಎಂದರೆ 'ಊಂ' ಎಂದೋ 'ಊಹೂಂ' ಎಂದೋ ಹೇಳುತ್ತೀರಿ. ಸಂಜೆ ಮನೆಯಲ್ಲಿ ಕೂತು ನೆನಪಿಸಿಕೊಳ್ಳಲು ಹೋದರೆ ಇದ್ಯಾವುದೂ ಕೈಗೆ ಸಿಗುವುದಿಲ್ಲ. ಆ ಹೊತ್ತಿನಲ್ಲಿ ಮೆದುಳು ಕೇಳಿಸಿಕೊಳ್ಳುತ್ತದೆ, ಉತ್ತರವನ್ನೂ ಕೊಡುತ್ತದೆ. ಬರೆದಿಟ್ಟುಕೊಳ್ಳುವ ಕೆಲಸ ಮಾತ್ರ ಮಾಡುವುದಿಲ್ಲ. ಕೆಲಸ ಮುಗಿಸಿ, ಹತ್ತಿ ಕಚ್ಚಿಸಿ, ಬೆನ್ನು ನೇರ ಮಾಡಿ ಕೂರಿಸಿದ ಮೇಲೆ 'ಯಾವಾಗ ಶುರುಮಾಡ್ತೀರಿ?' ಎಂದು ಕೇಳಿದವರನ್ನು ನಾನು ಲೆಕ್ಕವಿಲ್ಲದಷ್ಟು ನೋಡಿದ್ದೇನೆ. ಅವರೆಲ್ಲ ಹತ್ತು ನಿಮಿಷದ ಹಿಂದೆ ನಮ್ಮ ಜೊತೆ ಮಾತಾಡುತ್ತಲೇ ಇದ್ದರು.

ಒಂದು ಸಣ್ಣ ತಿದ್ದುಪಡಿ. ಈ ಮರೆವು ಔಷಧ ಒಳಗೆ ಹೋದ ಮೇಲಿನದಕ್ಕೆ ಮಾತ್ರ. ಕ್ಲಿನಿಕ್‌ಗೆ ಬಂದದ್ದು, ಕುರ್ಚಿ ಹತ್ತಿದ್ದು, ಕೈಗೆ ಸೂಜಿ ಚುಚ್ಚಿದ್ದು ಎಲ್ಲ ನೆನಪಿರುತ್ತದೆ. ಔಷಧ ಕೊಟ್ಟ ಮೊದಲ ಇಪ್ಪತ್ತು, ಮೂವತ್ತು ನಿಮಿಷದಲ್ಲಿ ಮರೆವು ಗಟ್ಟಿಯಾಗಿರುತ್ತದೆ. ಆಮೇಲೆ ತೆಳುವಾಗುತ್ತಾ ಬರುತ್ತದೆ. ಕೊನೆಗೆ ಹಾಕಿದ ಹೊಲಿಗೆ ಅಲ್ಲಲ್ಲಿ ನೆನಪಿರಬಹುದು. ಪೂರ್ತಿ ಮರೆವಿನ ಭರವಸೆಯನ್ನು ಯಾರಾದರೂ ಕೊಟ್ಟರೆ ನಂಬಬೇಡಿ. ಕೆಲವರಿಗೆ ಎಲ್ಲವೂ ನೆನಪಿರುತ್ತದೆ, ಆದರೆ 'ಏನೋ ನಡೀತಿತ್ತು, ನನಗೇನೂ ಅನ್ನಿಸಲಿಲ್ಲ' ಎನ್ನುತ್ತಾರೆ. ನನ್ನ ಮಟ್ಟಿಗೆ ಅದು ಕೂಡ ಚೆನ್ನಾಗಿ ನಡೆದ ಸೆಡೇಶನ್ನೇ.

ಇನ್ನು ಎಚ್ಚರವೇ ಆಗದಿದ್ದರೆ ಎನ್ನುವ ಭಯ. ಜನರ ಮನಸ್ಸಿನಲ್ಲಿ ಇರುವುದು ಆಪರೇಷನ್ ಥಿಯೇಟರಿನ ಚಿತ್ರ. ಅಲ್ಲಿ ಕೊಡುವುದು ಪೂರ್ತಿ ಅರಿವಳಿಕೆ. ಅದರಲ್ಲಿ ಕರೆದರೂ ಚಿವುಟಿದರೂ ಗೊತ್ತಾಗುವುದಿಲ್ಲ. ಉಸಿರಾಟವನ್ನೂ ಸಾಮಾನ್ಯವಾಗಿ ನಾವೇ ನೋಡಿಕೊಳ್ಳಬೇಕಾಗುತ್ತದೆ. ನಿಮಗೆ ಹೇಳುತ್ತಿರುವುದು ಅದಲ್ಲ. ಇದರಲ್ಲಿ ಉಸಿರು ನಿಮ್ಮದೇ. ಕೆಮ್ಮು, ನುಂಗುವುದು ಕೂಡ ಉಳಿದಿರುತ್ತದೆ. ಗೆರೆ ಎಲ್ಲಿದೆ ಅಂದರೆ, ಮಾತಾಡಿಸಿದಾಗ ನೀವು ಓಗೊಡಬೇಕು. ಓಗೊಡುವುದು ನಿಂತರೆ ಗೆರೆ ದಾಟಿದ್ದೇವೆ ಎಂದು ಅರ್ಥ. ಆಗ ಅದಕ್ಕೆ ಕಾನ್ಷಿಯಸ್ ಸೆಡೇಶನ್ ಎಂಬ ಹೆಸರೇ ಒಪ್ಪುವುದಿಲ್ಲ. ಅದಕ್ಕೇ ನಾವು ಮಧ್ಯೆ ಮಧ್ಯೆ ಏನಾದರೂ ಕೇಳುತ್ತಲೇ ಇರುತ್ತೇವೆ. ರೋಗಿಗಳಿಗೆ ಅದು ಹರಟೆ, ನಮಗೆ ಅಳತೆ.

ಅಂದಹಾಗೆ, ನೋವಿಲ್ಲದ ಚಿಕಿತ್ಸೆಯ ಕಥೆಯಲ್ಲಿ ಹಲ್ಲಿನ ಡಾಕ್ಟರುಗಳ ಪಾತ್ರ ದೊಡ್ಡದು. 1844ರ ಡಿಸೆಂಬರಿನಲ್ಲಿ ಹೊರೇಸ್ ವೆಲ್ಸ್ ಎಂಬ ಅಮೆರಿಕದ ದಂತವೈದ್ಯ ತಾನೇ ನಗೆ ಅನಿಲ ಉಸಿರಾಡಿ ತನ್ನ ಹಲ್ಲನ್ನು ಕೀಳಿಸಿಕೊಂಡ. 1846ರಲ್ಲಿ ಈಥರ್ ಪ್ರಯೋಗವನ್ನು ಜಗತ್ತಿಗೆ ತೋರಿಸಿದ ವಿಲಿಯಂ ಮಾರ್ಟನ್ ಕೂಡ ದಂತವೈದ್ಯನೇ. ರಕ್ತನಾಳದ ಮೂಲಕ ಮಂಪರು ತರಿಸಿ ಹಲ್ಲಿನ ಕೆಲಸ ಮಾಡುವುದನ್ನು ಒಂದು ಕ್ರಮಕ್ಕೆ ತಂದವರು ದಂತವೈದ್ಯ ನೀಲ್ಸ್ ಯೋರ್ಗೆನ್ಸನ್, 1945ರಲ್ಲಿ. ಅವರು ಮೂರು ಔಷಧಗಳನ್ನು ಸೇರಿಸಿ ಕೊಡುತ್ತಿದ್ದರು. ಮಂಪರು ಗಂಟೆಗಟ್ಟಲೆ ಉಳಿಯುತ್ತಿತ್ತು. ಇವತ್ತು ಬಹುಪಾಲು ಒಂದೇ ಔಷಧ ಸಾಕು. ಅದರ ಹೆಸರು ಮಿಡಜೋಲಮ್.

ಈ ಮಿಡಜೋಲಮ್ ಬಗ್ಗೆ ಸ್ವಲ್ಪ ಹೇಳಲೇಬೇಕು, ನನಗೆ ಇಷ್ಟವಾದ ಔಷಧ. ಇದಕ್ಕೂ ಮೊದಲು ಡಯಾಜೆಪಾಮ್ ಬಳಸುತ್ತಿದ್ದೆವು. ಅದು ನೀರಿನಲ್ಲಿ ಕರಗುವುದಿಲ್ಲ. ಬೇರೆ ದ್ರಾವಕದಲ್ಲಿ ಕಲಸಿ ಕೊಡಬೇಕು. ರಕ್ತನಾಳದಲ್ಲಿ ಉರಿ, ಕೆಲವರಿಗೆ ಆಮೇಲೆ ನಾಳವೇ ಊದಿಕೊಂಡು ಗಟ್ಟಿಯಾಗುತ್ತಿತ್ತು. ಜೊತೆಗೆ ದೇಹ ಅದನ್ನು ಒಡೆದಾಗ ಹುಟ್ಟುವ ವಸ್ತುಗಳೂ ಮಂಪರು ತರಿಸುವಂಥವೇ, ಹಾಗಾಗಿ ಮರುದಿನವೂ ತಲೆ ಭಾರ. 1970ರ ದಶಕದ ನಡುವಿನಲ್ಲಿ ಬಂದ ಮಿಡಜೋಲಮ್‌ನಲ್ಲಿ ಒಂದು ಚಂದದ ಉಪಾಯ ಇದೆ. ಆಂಪೂಲಿನ, ಅಂದರೆ ಔಷಧದ ಸಣ್ಣ ಗಾಜಿನ ಶೀಶೆಯ, ಒಳಗೆ ದ್ರಾವಣ ಹುಳಿ. ಅಲ್ಲಿ ಅದರ ಅಣುವಿನ ಒಂದು ಉಂಗುರ ಬಿಚ್ಚಿಕೊಂಡಿರುತ್ತದೆ, ಆದ್ದರಿಂದ ನೀರಿನಲ್ಲಿ ಕರಗುತ್ತದೆ, ಕೈ ಉರಿಯುವುದಿಲ್ಲ. ರಕ್ತಕ್ಕೆ ಸೇರಿದ ಕೂಡಲೇ ಆ ಹುಳಿ ಹೋಗುತ್ತದೆ, ಉಂಗುರ ಮುಚ್ಚಿಕೊಳ್ಳುತ್ತದೆ. ಈಗ ಅದು ಕೊಬ್ಬಿನಲ್ಲಿ ಕರಗುವ ವಸ್ತು, ಸರಕ್ಕನೆ ಮೆದುಳಿಗೆ ಹೋಗುತ್ತದೆ. ರಕ್ತದಲ್ಲಿ ಅರ್ಧ ಕಡಿಮೆಯಾಗಲು ಎರಡು ಗಂಟೆಯ ಆಸುಪಾಸು ಸಾಕು. ಡಯಾಜೆಪಾಮ್‌ಗಾದರೆ ಒಂದು ದಿನಕ್ಕಿಂತ ಜಾಸ್ತಿಯೇ ಬೇಕಾಗಬಹುದು.

ಮೆದುಳಿನಲ್ಲಿ ಇದು ಮಾಡುವುದೇನು? ನರಗಳ ಗದ್ದಲವನ್ನು ತಗ್ಗಿಸಲು ಮೆದುಳಿನಲ್ಲೇ ಗಾಬಾ ಎಂಬ ರಾಸಾಯನಿಕ ಇದೆ. ಮಿಡಜೋಲಮ್ ಅದಕ್ಕೆ ಬೆಂಬಲ ಕೊಡುತ್ತದೆ, ಅಷ್ಟೇ. ಗಾಬಾ ಇಲ್ಲದ ಕಡೆ ತಾನೇ ಮುಂದಾಗಿ ಕೆಲಸ ಮಾಡುವುದಿಲ್ಲ. ಹಳೆಯ ಕಾಲದ ನಿದ್ದೆ ಔಷಧಗಳಾದ ಬಾರ್ಬಿಟ್ಯುರೇಟ್‌ಗಳು ಹಾಗಲ್ಲ, ಪ್ರಮಾಣ ಏರಿದರೆ ಗಾಬಾದ ಹಂಗಿಲ್ಲದೆ ನೇರವಾಗಿ ಕೆಲಸ ಮಾಡುತ್ತಿದ್ದವು. ಮಂಪರಿಗೂ ಉಸಿರು ನಿಲ್ಲುವುದಕ್ಕೂ ನಡುವೆ ಮಿಡಜೋಲಮ್ ಬಿಡುವ ಜಾಗ ಅಗಲವಾಗಿರುವುದಕ್ಕೆ ಇದೊಂದು ಕಾರಣ. ಅಗಲ ಎಂದೆ, ಮಿತಿಯೇ ಇಲ್ಲ ಎನ್ನಲಿಲ್ಲ.

ಈಗ ಮುಖ್ಯ ವಿಷಯ. 'ಎಷ್ಟು ಔಷಧ ಕೊಡ್ತೀರಿ?' ಎಂದು ಮುಂಚೆಯೇ ಕೇಳಿದರೆ ನನ್ನ ಬಳಿ ಉತ್ತರ ಇಲ್ಲ. ತೂಕ ನೋಡಿ ಲೆಕ್ಕ ಹಾಕಿ ಒಂದೇ ಸಲಕ್ಕೆ ಕೊಡುವ ಔಷಧ ಅಲ್ಲ ಇದು. ಒಂದೇ ತೂಕದ ಇಬ್ಬರಲ್ಲಿ ಒಬ್ಬರಿಗೆ 3 ಮಿಲಿಗ್ರಾಂ ಸಾಕು, ಇನ್ನೊಬ್ಬರಿಗೆ 7 ಬೇಕು. ಆರೋಗ್ಯವಾಗಿರುವ ದೊಡ್ಡವರಿಗೆ ಮೊದಲು 1 ಅಥವಾ 2 ಮಿಲಿಗ್ರಾಂ, ನಿಧಾನವಾಗಿ. ಆಮೇಲೆ ಕನಿಷ್ಠ ಎರಡು ನಿಮಿಷ ಸುಮ್ನೆ ಕಾಯುವುದು, ಕಣ್ಣು ಮಾತ್ರ ರೋಗಿಯ ಮೇಲೆ. ಬೇಕಾದರೆ ಇನ್ನು ಅರ್ಧ ಅಥವಾ 1 ಮಿಲಿಗ್ರಾಂ. ಮತ್ತೆ ಕಾಯುವುದು. ವಯಸ್ಸಾದವರಿಗೆ ಇದಕ್ಕಿಂತ ಕಡಿಮೆ, ಕಾಯುವುದು ಇನ್ನೂ ಜಾಸ್ತಿ. ರೆಪ್ಪೆ ಭಾರವಾಗುತ್ತದೆ. ಮಾತು ಎಳೆಯುತ್ತದೆ. ಹಿಡಿದಿದ್ದ ಕುರ್ಚಿಯ ಕೈ ಸಡಿಲವಾಗುತ್ತದೆ. ಮೂಗಿನ ತುದಿ ಮುಟ್ಟಿ ಎಂದರೆ ಬೆರಳು ಎಲ್ಲೋ ಕೆನ್ನೆಗೆ ಹೋಗುತ್ತದೆ. ಅಲ್ಲಿಗೆ ನಿಲ್ಲಿಸಬೇಕು. ನಾನು ಹೆಚ್ಚಾಗಿ ನೋಡುವುದು ಭುಜಗಳನ್ನು. ಭಯಪಟ್ಟವರ ಭುಜ ಕಿವಿಯ ಹತ್ತಿರ ಇರುತ್ತದೆ. ಅದು ಕೆಳಗಿಳಿದಾಗ ನನಗೆ ಗೊತ್ತಾಗುತ್ತದೆ.

ಈ ಎರಡು ನಿಮಿಷದ ಬೆಲೆಯನ್ನು ನಾನು ಕಲಿತದ್ದು ತಪ್ಪು ಮಾಡಿ. ವೃತ್ತಿಯ ಮೊದಲ ವರ್ಷಗಳು. ಎಪ್ಪತ್ತು ದಾಟಿದ ಒಬ್ಬ ಹಿರಿಯರು, ಏನು ಕೊಟ್ಟರೂ ಮಂಪರು ಬರುತ್ತಿಲ್ಲ ಅನ್ನಿಸಿತು. ಹೊರಗೆ ಇನ್ನೂ ನಾಲ್ವರು ಕಾಯುತ್ತಿದ್ದರು. ನಿಮಿಷ ಆಗುವ ಮೊದಲೇ ಇನ್ನೊಂದಿಷ್ಟು ಕೊಟ್ಟೆ. ವಯಸ್ಸಾದವರಲ್ಲಿ ರಕ್ತ ನಿಧಾನ ಓಡುತ್ತದೆ, ಕೊಟ್ಟದ್ದು ಮೆದುಳಿಗೆ ತಲುಪುವುದೂ ತಡ. ಮೊದಲ ಔಷಧ, ಎರಡನೆಯದು ಎರಡೂ ಒಟ್ಟಿಗೆ ಬಂದು ಕೂತವು. ಕರೆದರೆ ಉತ್ತರ ಇಲ್ಲ. ರಕ್ತದ ಆಕ್ಸಿಜನ್ ತೋರಿಸುವ ಆಕ್ಸಿಮೀಟರ್ 97ರಿಂದ 88ಕ್ಕೆ ಇಳಿಯಿತು. ಗದ್ದ ಎತ್ತಿ ಹಿಡಿದೆ, ಆಕ್ಸಿಜನ್ ಹಾಕಿದೆ, ಕಿವಿಯ ಹತ್ತಿರ 'ಉಸಿರು ತಗೊಳ್ಳಿ' ಎಂದು ಜೋರಾಗಿ ಹೇಳಿದೆ. ತಗೊಂಡರು. ಮುಕ್ಕಾಲು ನಿಮಿಷದ ಮಾತು. ಅವರಿಗೆ ಏನೂ ಆಗಲಿಲ್ಲ, ನೆನಪೂ ಇರಲಿಲ್ಲ. ನನಗೆ ಇವತ್ತಿಗೂ ಇದೆ. ಅಂದಿನಿಂದ ಎರಡು ನಿಮಿಷವನ್ನು ಅಂದಾಜಿನಲ್ಲಿ ಎಣಿಸುವುದನ್ನು ಬಿಟ್ಟು ಗಡಿಯಾರ ನೋಡುತ್ತೇನೆ.

ಇದರಲ್ಲೇ ನಿಮ್ಮ ಗೊರಕೆಯ ಪ್ರಶ್ನೆಗೂ ಉತ್ತರ ಇದೆ. ಮಂಪರಿನಲ್ಲಿ ತೊಂದರೆ ಬಂದರೆ ಅದು ಹೆಚ್ಚಾಗಿ ಹೃದಯದಿಂದ ಶುರುವಾಗುವುದಿಲ್ಲ, ಉಸಿರಿನಿಂದ ಶುರುವಾಗುತ್ತದೆ. ಎರಡು ದಾರಿಯಲ್ಲಿ. ಒಂದು, ಉಸಿರಾಡು ಎಂಬ ಮೆದುಳಿನ ಒತ್ತಾಯವೇ ಸ್ವಲ್ಪ ಮಂಕಾಗುತ್ತದೆ. ಇನ್ನೊಂದು, ಗಂಟಲಿನ ಸ್ನಾಯು ಸಡಿಲವಾಗಿ ನಾಲಿಗೆ ಹಿಂದಕ್ಕೆ ಬೀಳುತ್ತದೆ. ಗೊರಕೆ ಅಂದರೆ ಇದೇ ಅಲ್ವಾ? ನಿದ್ದೆಯಲ್ಲಿ ನಿಮ್ಮ ಗಂಟಲು ಈಗಾಗಲೇ ಕಿರಿದಾಗುತ್ತಿದೆ. ಹಲ್ಲಿನ ಕೆಲಸದಲ್ಲಿ ಇದಕ್ಕೆ ಇನ್ನೊಂದು ತಾಪತ್ರಯ ಸೇರುತ್ತದೆ. ಬೇರೆ ಆಪರೇಷನ್‌ಗಳಲ್ಲಿ ಮುಖ ನನ್ನದು, ಸರ್ಜನ್ನರು ಎಲ್ಲೋ ಹೊಟ್ಟೆಯ ಹತ್ತಿರ ಇರುತ್ತಾರೆ. ಇಲ್ಲಿ ನಾನು ಕಾಯಬೇಕಾದ ಬಾಯಿಯಲ್ಲೇ ಅವರೂ ಕೆಲಸ ಮಾಡಬೇಕು. ಡ್ರಿಲ್‌ನಿಂದ ನೀರು ಚಿಮ್ಮುತ್ತದೆ. ಕೆಳಗಿನ ಹಲ್ಲನ್ನು ಕೀಳುವಾಗ ದವಡೆಯನ್ನು ಕೆಳಕ್ಕೆ, ಹಿಂದಕ್ಕೆ ಒತ್ತುತ್ತಾರೆ. ಆ ಒತ್ತಡವೇ ಗಂಟಲನ್ನು ಅರ್ಧ ಮುಚ್ಚಿಬಿಡಬಲ್ಲದು. ಅನುಭವ ಇರುವ ಸಹಾಯಕರು ಆ ಹೊತ್ತಿಗೆ ಒಂದು ಕೈಯಿಂದ ದವಡೆಯನ್ನು ಕೆಳಗಿನಿಂದ ಆನಿಸಿ ಹಿಡಿಯುತ್ತಾರೆ. ನೋಡಲು ಏನೂ ಅಲ್ಲದಂತೆ ಕಾಣುತ್ತದೆ, ಆದರೆ ಆ ಕೈಗೆ ನಾನು ಅರ್ಧ ಸಂಬಳ ಕೊಡಲು ತಯಾರು.

ಹಾಗಾಗಿ ಗೊರಕೆಯ ವಿಷಯವನ್ನು ನಾಚಿಕೊಳ್ಳದೆ ಹೇಳಿ, ಮನೆಯವರನ್ನೂ ಕರೆದುಕೊಂಡು ಹೋಗಿ. ನಿಮ್ಮ ಗೊರಕೆ ನಿಮಗೆ ಕೇಳುವುದಿಲ್ಲ. ಅವರನ್ನು ಕೇಳಬೇಕಾದ ಒಂದು ಪ್ರಶ್ನೆ ಇದೆ: ಗೊರಕೆ ನಡುವೆ ಉಸಿರು ನಿಂತು, ಆಮೇಲೆ ಗಕ್ಕನೆ ಮತ್ತೆ ಶುರುವಾಗುತ್ತದಾ? ಸ್ಟಾಪ್‌ಬ್ಯಾಂಗ್ ಎಂಬ ಎಂಟು ಪ್ರಶ್ನೆಗಳ ಒಂದು ಪಟ್ಟಿ ಇದೆ, ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆಯ ಸಾಧ್ಯತೆ ಅಳೆಯಲು. ಜೋರು ಗೊರಕೆ, ಹಗಲಿನ ಸುಸ್ತು, ನಿದ್ದೆಯಲ್ಲಿ ಉಸಿರು ನಿಲ್ಲುವುದು, ಬಿಪಿ, ತೂಕ, ವಯಸ್ಸು, ಕತ್ತಿನ ಸುತ್ತಳತೆ, ಗಂಡಸೋ ಹೆಂಗಸೋ ಎಂಬುದು. ನಿಮ್ಮ ಪತ್ರದಲ್ಲೇ ಎರಡಕ್ಕೆ 'ಹೌದು' ಸಿಕ್ಕಿದೆ. ಮೂರು ಆದರೆ ನಾವು ಹುಬ್ಬೇರಿಸುತ್ತೇವೆ. ಐದು ಅಥವಾ ಮೇಲಾದರೆ ಸಾಮಾನ್ಯ ಕ್ಲಿನಿಕ್‌ನ ಕುರ್ಚಿಯಲ್ಲಿ ಮಾಡುವುದು ಬೇಡ, ಅರಿವಳಿಕೆ ತಜ್ಞರಿರುವ ಆಸ್ಪತ್ರೆಗೇ ಹೋಗಿ ಎನ್ನುವವ ನಾನು. ನಿದ್ದೆಯಲ್ಲಿ ಉಸಿರು ನಿಲ್ಲುವ ಕಾಯಿಲೆ ಇರುವವರಿಗೆ ಮಂಪರು ಕೊಡಲೇಬಾರದು ಅಂತಲ್ಲ. ಗೊತ್ತಿಲ್ಲದೆ ಕೊಡಬಾರದು.

ಬಿಪಿ ಬಗ್ಗೆ ನನಗೆ ಅಷ್ಟು ಚಿಂತೆ ಇಲ್ಲ. ಹತೋಟಿಯಲ್ಲಿದ್ದರೆ, ನಿಜ ಹೇಳಬೇಕೆಂದರೆ, ನಿಮ್ಮಂಥವರಿಗೆ ಮಂಪರು ಒಳ್ಳೆಯದೇ. ಭಯದಿಂದ ಏರುವ ಬಿಪಿ ಇಳಿಯುತ್ತದೆ. ಬಹುಪಾಲು ಬಿಪಿ ಮಾತ್ರೆಗಳನ್ನು ಆ ಬೆಳಿಗ್ಗೆಯೂ ಒಂದು ಗುಟುಕು ನೀರಿನ ಜೊತೆ ತೆಗೆದುಕೊಳ್ಳಲು ಹೇಳುತ್ತೇವೆ. ನಿಮ್ಮದು ಯಾವುದು ಎಂದು ತೋರಿಸಿ ಕೇಳಿ, ನೀವಾಗಿಯೇ ನಿಲ್ಲಿಸಬೇಡಿ. ಅಂದು 180/110ರ ಹತ್ತಿರ ಇದ್ದರೆ ಮಾತ್ರ ಇನ್ನೊಂದು ದಿನಕ್ಕೆ ಹಾಕುವುದು ವಾಡಿಕೆ.

ಬೇರೆ ಔಷಧಗಳ ಪಟ್ಟಿ ಮಾತ್ರ ಪೂರ್ತಿ ಕೊಡಿ. ನಿದ್ದೆ ಮಾತ್ರೆ, ನೋವಿಗೆ ಕೊಡುವ ಓಪಿಯಾಯ್ಡ್‌ಗಳು, ಮದ್ಯ ಇವು ಮಿಡಜೋಲಮ್ ಜೊತೆ ಸೇರಿದರೆ ಉಸಿರನ್ನು ಇನ್ನಷ್ಟು ತಗ್ಗಿಸುತ್ತವೆ. ಬಹಳ ಜನ ಮರೆಯುವುದು ಎರಡು. ಕ್ಲಾರಿಥ್ರೋಮೈಸಿನ್, ಎರಿಥ್ರೋಮೈಸಿನ್ ಎಂಬ ಆಂಟಿಬಯಾಟಿಕ್‌ಗಳು, ಮತ್ತೆ ಚರ್ಮದ ಫಂಗಸ್‌ಗೆ ನುಂಗುವ ಇಟ್ರಕೊನಜೋಲ್. ಮಿಡಜೋಲಮ್ ಅನ್ನು ಒಡೆಯುವ ಯಕೃತ್ತಿನ ಕಿಣ್ವವನ್ನೇ ಇವು ಕಟ್ಟಿಹಾಕುತ್ತವೆ. ಆಗ ಅದೇ ಪ್ರಮಾಣದ ಔಷಧ ಎಷ್ಟೋ ಹೊತ್ತು ಉಳಿಯುತ್ತದೆ. ಹಲ್ಲು ಊದಿಕೊಂಡಿದೆ ಎಂದು ಯಾರೋ ಕೊಟ್ಟ ಆಂಟಿಬಯಾಟಿಕ್ ಕೂಡ ಇದರಲ್ಲಿ ಬರಬಹುದು, ಅದಕ್ಕೇ ಹೇಳಿದೆ. ಗರ್ಭಿಣಿಯಾಗಿರುವ ಸಾಧ್ಯತೆ ಇದ್ದರೂ ಮೊದಲೇ ಹೇಳಬೇಕು.

ನೋವಿನ ಬಗ್ಗೆ ನೀವು ಕೇಳಲಿಲ್ಲ. ಆದರೆ ನಿಮ್ಮ ಭಯದ ಬೇರು ಅಲ್ಲೇ ಇದೆ, ಆದ್ದರಿಂದ ಹೇಳುತ್ತೇನೆ. ಮಿಡಜೋಲಮ್ ನೋವನ್ನು ಕೊಲ್ಲುವುದಿಲ್ಲ. ಒಂದು ಚೂರೂ ಇಲ್ಲ. ಅದು ಭಯವನ್ನು ಇಳಿಸುತ್ತದೆ, ಸಮಯವನ್ನು ಚಿಕ್ಕದು ಮಾಡುತ್ತದೆ. ಒಂದು ಗಂಟೆ ಹತ್ತು ನಿಮಿಷದಂತೆ ಕಳೆಯುತ್ತದೆ. ವಸಡಿಗೆ ಲಿಗ್ನೊಕೇನ್ ಕೊಟ್ಟು ಮರಗಟ್ಟಿಸುವುದು ಆಗಲೂ ಬೇಕೇ ಬೇಕು. ವ್ಯತ್ಯಾಸ ಏನೆಂದರೆ ಆ ಇಂಜೆಕ್ಷನ್ ಮಂಪರು ಬಂದ ಮೇಲೆ ಕೊಡುತ್ತಾರೆ. ಸರಿಯಾಗಿ ಮರಗಟ್ಟಿದೆಯಾ ಎಂದು ನೋಡಲು ಅವಸರ ಪಡಬೇಕಾಗಿಲ್ಲ. ಮಂಪರಿನಲ್ಲಿದ್ದಾರೆ, ಗೊತ್ತಾಗುವುದಿಲ್ಲ ಬಿಡಿ ಎಂದು ಅರ್ಧ ಮರಗಟ್ಟಿದ ಹಲ್ಲಿಗೆ ಕೈ ಹಾಕುವುದು ತಪ್ಪು. ನೆನಪಿರುವುದಿಲ್ಲ ನಿಜ, ಆದರೆ ಆ ಕ್ಷಣದಲ್ಲಿ ನೋಯುತ್ತದೆ. ನೋವಾದರೆ ಎಡಗೈ ಎತ್ತುವುದು ಅಂತ ಮೊದಲೇ ಮಾತಾಡಿಕೊಳ್ಳಿ. ಮಂಪರಿನಲ್ಲೂ ಜನ ಕೈ ಎತ್ತುತ್ತಾರೆ. ಡಾಕ್ಟರು ನಿಲ್ಲಿಸುತ್ತಾರೆ. ಬಾಲ್ಯದಲ್ಲಿ ನಿಮಗೆ ಸಿಗದೇ ಹೋದದ್ದು ಅದೇ.

ನನ್ನ ಪ್ರಕಾರ ನೀವು ವಿಚಾರಿಸಬೇಕಾದದ್ದು ಔಷಧದ ಹೆಸರನ್ನಲ್ಲ, ನಿಮ್ಮ ಉಸಿರನ್ನು ಯಾರು ನೋಡುತ್ತಾರೆ ಎಂಬುದನ್ನು. ಹಲ್ಲು ಕೀಳುವವರ ಕಣ್ಣು ಹಲ್ಲಿನ ಮೇಲಿರುತ್ತದೆ, ಇರಬೇಕು ಕೂಡ. ಆಗ ನಿಮ್ಮ ಎದೆ ಏರಿಳಿಯುವುದನ್ನು, ತುಟಿಯ ಬಣ್ಣವನ್ನು, ಆಕ್ಸಿಮೀಟರನ್ನು ನೋಡುವುದೊಂದೇ ಕೆಲಸವಾಗಿರುವ ಇನ್ನೊಬ್ಬರು ಬೇಕು. ಅವರು ಅದಕ್ಕೆ ತರಬೇತಿ ಪಡೆದಿರಬೇಕು. ಮಧ್ಯೆ ಫೋನ್ ಎತ್ತಲು, ಬಿಲ್ ಬರೆಯಲು ಎದ್ದು ಹೋಗಬಾರದು. ಕೆಲವು ಕಡೆ ದಂತವೈದ್ಯರೇ ತರಬೇತಿ ಪಡೆದು ಮಿಡಜೋಲಮ್ ಕೊಡುತ್ತಾರೆ, ಜೊತೆಗೆ ತರಬೇತಾದ ಸಹಾಯಕರು ಇರುತ್ತಾರೆ. ಅದು ಒಪ್ಪುವಂಥದ್ದೇ. ಪ್ರೊಪೊಫಾಲ್ ಎಂಬ ಇನ್ನೊಂದು ಮಂಪರಿನ ಔಷಧ ಕೊಡುತ್ತೇವೆ ಎಂದರೆ ಮಾತ್ರ ಅರಿವಳಿಕೆ ತಜ್ಞರು ಕೋಣೆಯಲ್ಲೇ ಇರಬೇಕು ಎಂದು ಹಟ ಹಿಡಿಯಿರಿ. ಅದರಲ್ಲಿ ಮಂಪರಿಗೂ ಪೂರ್ತಿ ನಿದ್ದೆಗೂ ನಡುವೆ ಇರುವ ಜಾಗ ಬಹಳ ಇಕ್ಕಟ್ಟು, ಅದನ್ನು ಹಿಂತೆಗೆಯುವ ಮದ್ದೂ ಇಲ್ಲ.

ಮಿಡಜೋಲಮ್‌ಗೆ ಇದೆ. ಫ್ಲುಮಜೆನಿಲ್ ಎಂದು ಹೆಸರು. ರಕ್ತನಾಳಕ್ಕೆ ಕೊಟ್ಟರೆ ಒಂದೆರಡು ನಿಮಿಷದಲ್ಲಿ ಕಣ್ಣು ಬಿಡುತ್ತಾರೆ. ಮಂಪರು ಕೊಡುವ ಕೋಣೆಯಲ್ಲಿ ಇದು ಕೈಗೆಟುಕುವ ಹಾಗೆ ಇರಲೇಬೇಕು. ಆಕ್ಸಿಜನ್, ಬಾಯಿಯ ನೀರು ಎಳೆಯುವ ಸಕ್ಷನ್, ಮಾಸ್ಕ್ ಹಾಕಿ ಗಾಳಿ ಒತ್ತುವ ಚೀಲ ಕೂಡ. 'ಇದೆಯಾ?' ಎಂದು ಕೇಳಲು ಹಿಂಜರಿಯಬೇಡಿ. ಒಳ್ಳೆಯ ಕ್ಲಿನಿಕ್‌ನವರು ಬೇಸರ ಮಾಡಿಕೊಳ್ಳದೆ ತೋರಿಸುತ್ತಾರೆ. ಆದರೆ ಫ್ಲುಮಜೆನಿಲ್ ಇದೆ ಎಂದು ಧೈರ್ಯವಾಗಿ ಜಾಸ್ತಿ ಮಿಡಜೋಲಮ್ ಕೊಡುವುದಾಗಲಿ, ಬೇಗ ಮನೆಗೆ ಕಳಿಸಲು ಅದನ್ನು ಬಳಸುವುದಾಗಲಿ ನನಗೆ ಸರಿಕಾಣುವುದಿಲ್ಲ. ಅದರ ಪ್ರಭಾವ ಮಿಡಜೋಲಮ್‌ಗಿಂತ ಬೇಗ ಇಳಿಯುತ್ತದೆ. ಮನೆ ದಾರಿಯಲ್ಲಿ ಮತ್ತೆ ಮಂಪರು ಹತ್ತಬಹುದು.

ಇನ್ನು ಆಕ್ಸಿಮೀಟರ್. ಬೆರಳಿಗೆ ಸಿಕ್ಕಿಸುವ ಆ ಸಣ್ಣ ಕ್ಲಿಪ್ ಬೆಳಕು ಹಾಯಿಸಿ ರಕ್ತದಲ್ಲಿನ ಆಕ್ಸಿಜನ್ ಅಳೆಯುತ್ತದೆ. ಗಾಢ ಬಣ್ಣದ ನೇಲ್ ಪಾಲಿಶ್ ಇದ್ದರೆ ಅದಕ್ಕೆ ಸರಿಯಾಗಿ ಕಾಣುವುದಿಲ್ಲ, ಒಂದು ಬೆರಳಿನದ್ದಾದರೂ ಅಳಿಸಿಕೊಂಡು ಹೋಗಿ. ಅದರ ಒಂದು ದೋಷ ಏನೆಂದರೆ, ಉಸಿರು ಕಡಿಮೆಯಾದದ್ದನ್ನು ಅದು ತಡವಾಗಿ ಹೇಳುತ್ತದೆ. ಮೂಗಿಗೆ ಆಕ್ಸಿಜನ್ ಕೊಡುತ್ತಿದ್ದರಂತೂ ಇನ್ನೂ ತಡ. ಅದಕ್ಕೇ ಮೆಷಿನ್ ಇದ್ದರೂ ಮನುಷ್ಯರು ನೋಡುತ್ತಿರಬೇಕು ಎಂದದ್ದು. ನನ್ನದೊಂದು ಹಳೆಯ ಅಭ್ಯಾಸ ಕೂಡ ಇದೆ. ಬಾಯಿಗೆ ರಬ್ಬರಿನ ಆಸರೆ ಇಟ್ಟು ತೆರೆದಿಡುವುದು ನನಗೆ ಅಷ್ಟಾಗಿ ಇಷ್ಟ ಇಲ್ಲ. ಬಾಯಿಯನ್ನು ರೋಗಿಯೇ ತೆರೆದು ಹಿಡಿದಿದ್ದರೆ ಅವರು ಎಚ್ಚರ ಇದ್ದಾರೆ ಎಂದು ಪ್ರತಿ ಕ್ಷಣವೂ ಗೊತ್ತಾಗುತ್ತದೆ. ಬುದ್ಧಿ ಹಲ್ಲಿನ ಸರ್ಜನ್ನರು ಇದನ್ನು ಒಪ್ಪುವುದಿಲ್ಲ, ಅವರಿಗೆ ದವಡೆ ನಿಲ್ಲಬೇಕು. ನಾವು ಜಗಳವಾಡುತ್ತಲೇ ಇರುತ್ತೇವೆ.

ಬಾಯಿಬಿಡುವ ವಿಷಯಕ್ಕೆ ಬರೋಣ. ಇದು ಗುಟ್ಟು ಹೊರಡಿಸುವ ಔಷಧ ಅಲ್ಲ. ಕೆಲವರು ಸ್ವಲ್ಪ ಹೆಚ್ಚು ಮಾತಾಡುತ್ತಾರೆ. ಅದೂ ಔಷಧ ಏರುವ ಮೊದಲ ಐದು ನಿಮಿಷ. ಆಮೇಲೆ ಬಾಯಲ್ಲಿ ಎರಡು ಕೈ, ಒಂದು ಸಕ್ಷನ್ ಪೈಪು, ಮರಗಟ್ಟಿದ ನಾಲಿಗೆ. ಗುಟ್ಟು ಹೇಳಿದರೂ ಯಾರಿಗೆ ಅರ್ಥವಾಗಬೇಕು? ನಾನು ಕೇಳಿರುವುದರಲ್ಲಿ ಹೆಚ್ಚಿನದು 'ಆಯ್ತಾ?', 'ಇನ್ನೆಷ್ಟು ಹೊತ್ತು?', ಮತ್ತೆ ಅದೇ 'ಆಯ್ತಾ?'. ಅಪರೂಪಕ್ಕೆ ಉಲ್ಟಾ ಪರಿಣಾಮ ಆಗುವುದುಂಟು. ಮಂಪರು ಬರುವ ಬದಲು ಚಡಪಡಿಕೆ, ಅಳು, ಸಿಟ್ಟು. ಮಕ್ಕಳಲ್ಲಿ, ತೀರಾ ವಯಸ್ಸಾದವರಲ್ಲಿ ಇದು ಸ್ವಲ್ಪ ಜಾಸ್ತಿ. ಆಗ ಇನ್ನಷ್ಟು ಔಷಧ ಕೊಡದೆ ನಿಲ್ಲಿಸುವುದೇ ಜಾಣತನ. ಮಂಪರಿನಲ್ಲಿ ಕೆಲವರಿಗೆ ನಿಜವೇ ಅನ್ನಿಸುವಂಥ ಕನಸುಗಳೂ ಬೀಳುತ್ತವೆ. ಅದಕ್ಕೂ, ನಿಮ್ಮ ಸುರಕ್ಷತೆಗೂ, ಕೋಣೆಯಲ್ಲಿ ಯಾವತ್ತೂ ಒಬ್ಬರೇ ಇರಬಾರದು. ಡಾಕ್ಟರ ಜೊತೆ ಇನ್ನೊಬ್ಬರು ಇರಲೇಬೇಕು. ಇದನ್ನು ನೀವು ನಿಯಮವಾಗಿಯೇ ಕೇಳಬಹುದು.

ಹಿಂದಿನ ದಿನದ ತಯಾರಿ ದೊಡ್ಡದೇನಲ್ಲ. ಒಪ್ಪಿಗೆ ಪತ್ರಕ್ಕೆ ಸಹಿಯನ್ನು ಔಷಧ ಕೊಡುವ ಮೊದಲು, ಸಾಧ್ಯವಾದರೆ ಬೇರೆ ದಿನವೇ ಹಾಕಿಸಿಕೊಳ್ಳಬೇಕು. ಊಟದ ವಿಷಯದಲ್ಲಿ ಕ್ಲಿನಿಕ್‌ಗಳಲ್ಲಿ ಎರಡು ಪಂಗಡ ಇದೆ. ಮಿಡಜೋಲಮ್ ಒಂದನ್ನೇ ಹಗುರವಾಗಿ ಕೊಡುವಾಗ ಸ್ವಲ್ಪ ತಿಂದು ಬರಲು ಕೆಲವರು ಬಿಡುತ್ತಾರೆ. ಉಳಿದವರು ಅರಿವಳಿಕೆಯ ನಿಯಮವನ್ನೇ ಹಿಡಿಯುತ್ತಾರೆ, ಅಂದರೆ ಹಗುರ ತಿಂಡಿಯಾದ ಮೇಲೆ 6 ಗಂಟೆ, ಬರೀ ನೀರಾದರೆ 2 ಗಂಟೆ. ನಾನು ಎರಡನೆಯ ಪಂಗಡ. ಸಡಿಲವಾದ ತೋಳಿನ ಅಂಗಿ ಹಾಕಿಕೊಳ್ಳಿ, ಬಿಪಿ ಪಟ್ಟಿಗೆ ಅನುಕೂಲ. ಸೂಜಿಯ ಭಯವೂ ಇದ್ದರೆ ಹೇಳಿ. ಕೈ ಮೇಲೆ ಮರಗಟ್ಟಿಸುವ ಕ್ರೀಮ್ ಹಚ್ಚಿ ಒಂದು ಗಂಟೆ ಬಿಟ್ಟರೆ ಕ್ಯಾನುಲಾ (ರಕ್ತನಾಳದೊಳಗೆ ಇಡುವ ಸಣ್ಣ ನಳಿಕೆ) ಹೋದದ್ದು ಮುಟ್ಟಿದಂತೆ ಅಷ್ಟೇ ಗೊತ್ತಾಗುತ್ತದೆ. ಆ ಕ್ಯಾನುಲಾ ಕೆಲಸ ಮುಗಿದು ನೀವು ಹೊರಡುವವರೆಗೂ ಕೈಯಲ್ಲೇ ಇರಬೇಕು. ತುರ್ತಿಗೆ ಅದೇ ದಾರಿ.

ಮುಗಿದ ಮೇಲಿನ ಕಥೆಯೇ ನನಗೆ ಜಾಸ್ತಿ ತಲೆನೋವು. ಯಾಕೆಂದರೆ ನಿಮಗೆ ನೀವು ಸರಿಯಾಗಿದ್ದೀರಿ ಎಂದು ಅನ್ನಿಸುತ್ತದೆ. ಮಾತು ನೆಟ್ಟಗಿರುತ್ತದೆ, ನಡಿಗೆಯೂ ನೆಟ್ಟಗಿರುತ್ತದೆ. ತೀರ್ಮಾನ ಮಾಡುವ ಶಕ್ತಿ, ನೆನಪು ಇನ್ನೂ ಪೂರ್ತಿ ಮರಳಿರುವುದಿಲ್ಲ. ಕೊನೆಯ ಔಷಧ ಕೊಟ್ಟ ಮೇಲೆ ಕಡಿಮೆಯೆಂದರೂ ಒಂದು ಗಂಟೆ ಅಲ್ಲೇ ಇರಬೇಕು. ಮನೆಗೆ ಕರೆದೊಯ್ಯಲು ಜವಾಬ್ದಾರಿ ಇರುವ ದೊಡ್ಡವರೊಬ್ಬರು ಬೇಕು. ಅವರು ಬಾರದಿದ್ದರೆ ನಾನು ಔಷಧವನ್ನೇ ಕೊಡುವುದಿಲ್ಲ. ಗೇಟಿನಲ್ಲಿ ಬಂದು ಕರೆದುಕೊಂಡು ಹೋಗುತ್ತಾರೆ ಎಂಬ ಮಾತಿಗೆ ಮರುಳಾಗಿ ಎರಡು ಸಲ ಪೇಚಾಡಿದ್ದೇನೆ. ಮುಂದಿನ 24 ಗಂಟೆ ಗಾಡಿ ಓಡಿಸುವಂತಿಲ್ಲ. ಒಲೆ ಮುಂದೆ ಒಬ್ಬರೇ ನಿಲ್ಲುವುದು, ಮಗುವನ್ನು ಒಬ್ಬರೇ ನೋಡಿಕೊಳ್ಳುವುದು, ಪತ್ರಗಳಿಗೆ ಸಹಿ ಹಾಕುವುದು ಯಾವುದೂ ಬೇಡ. ಫೋನಿನಲ್ಲಿ ಹಣ ಕಳಿಸುವುದೂ ಬೇಡ ಎಂದು ನಾನು ಈಚೆಗೆ ಸೇರಿಸಿದ್ದೇನೆ. ಮಾತ್ರೆ ಯಾವಾಗ, ಹತ್ತಿ ಯಾವಾಗ ತೆಗೆಯಬೇಕು ಎಂಬುದನ್ನು ನಿಮಗೆ ಹೇಳಿ ಪ್ರಯೋಜನವಿಲ್ಲ, ನೀವು ತಲೆಯಾಡಿಸಿ ಮರೆತುಬಿಡುತ್ತೀರಿ. ಜೊತೆಗಿರುವವರಿಗೆ ಹೇಳಬೇಕು, ಬರೆದೂ ಕೊಡಬೇಕು. ತುಟಿ ಇನ್ನೂ ಮೂರ್ನಾಲ್ಕು ಗಂಟೆ ಮರಗಟ್ಟಿರುತ್ತದೆ. ಅಷ್ಟರಲ್ಲಿ ಬಿಸಿ ಬಿಸಿ ಏನೂ ಬೇಡ, ತುಟಿ ಕಚ್ಚಿಕೊಳ್ಳದಂತೆ ನೋಡಿಕೊಳ್ಳಿ.

ಎಲ್ಲಾ ಒಂದೇ ಸಲಕ್ಕೆ ಮುಗಿಸಬಹುದಾ ಎಂದಿರಿ. ಮಿಡಜೋಲಮ್ ಕೊಡುವ ನೆಮ್ಮದಿಯ ಸಮಯ ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಅಡ್ಡ ಬೆಳೆದ ಎರಡು ಬುದ್ಧಿ ಹಲ್ಲುಗಳಿಗೆ ಅದು ಸಾಕಾಗಬಹುದು. ಎರಡೂ ಕಡೆ ಒಟ್ಟಿಗೆ ಮಾಡಿದರೆ ಭಯ ಒಂದೇ ಸಲ, ಊತವೂ ಒಂದೇ ಸಲ. ಆದರೆ ಕೆಲವು ದಿನ ಎರಡೂ ಕಡೆ ಅಗಿಯಲಾಗುವುದಿಲ್ಲ. ಸಂಜೆಯವರೆಗೆ ನಾಲಿಗೆಯ ಎರಡೂ ಬದಿ ಮರಗಟ್ಟಿರುತ್ತದೆ. ಇದನ್ನು ಎಕ್ಸ್‌ರೇ ನೋಡಿ ಸರ್ಜನ್ನರು ನಿರ್ಧರಿಸಲಿ, ಬೇರಿನ ಪಕ್ಕದಲ್ಲಿ ನರ ಎಷ್ಟು ಹತ್ತಿರ ಇದೆ ಎಂಬುದು ಅವರಿಗೆ ಗೊತ್ತು. ರೂಟ್ ಕೆನಾಲ್ ಅನ್ನು ಅದರ ಜೊತೆ ಸೇರಿಸಬೇಡಿ. ಅದು ತಾಳ್ಮೆಯ ಕೆಲಸ, ಗಡಿಯಾರ ನೋಡಿ ಮಾಡುವಂಥದ್ದಲ್ಲ. ಅದಕ್ಕೆ ಇಷ್ಟೊಂದು ಏರ್ಪಾಡೂ ನಿಮಗೆ ಬೇಕಾಗದಿರಬಹುದು. ಮೂಗಿನ ಮೇಲೆ ಮಾಸ್ಕ್ ಇಟ್ಟು ಕೊಡುವ ನಗೆ ಅನಿಲವೇ ಸಾಕಾಗಬಹುದು. ಅದು ನಿಂತ ಕೆಲವೇ ನಿಮಿಷಗಳಲ್ಲಿ ಇಳಿದುಹೋಗುತ್ತದೆ.

ನಿಮ್ಮಷ್ಟೇ ಹೆದರುತ್ತಿದ್ದ ಒಬ್ಬರಿಗೆ ನಾನು ಮೂರು ಸಲ ಮಂಪರು ಕೊಟ್ಟಿದ್ದೇನೆ. ಮೊದಲ ಸಲ 6 ಮಿಲಿಗ್ರಾಂ ಬೇಕಾಯಿತು. ಎರಡನೆಯ ಸಲ 3. ಮೂರನೆಯ ಸಲ ಬಂದು ಕುರ್ಚಿಯಲ್ಲಿ ಕೂತವರು, 'ಕ್ಯಾನುಲಾ ಹಾಕಿಡಿ, ಔಷಧ ಮಾತ್ರ ನಾನು ಕೇಳಿದರೆ ಕೊಡಿ' ಎಂದರು. ಸಿರಿಂಜ್ ತುಂಬಿ ಕೈಯಲ್ಲಿ ಹಿಡಿದು ಪಕ್ಕದಲ್ಲೇ ನಿಂತಿದ್ದೆ. ನಲವತ್ತು ನಿಮಿಷ. ಅವರು ಕೇಳಲಿಲ್ಲ.